ಉತಾರ, ತಲಾಠಿ ಮತ್ತು ರೈತನ ಕಡೆ ತಿರುಗಿದ ಪರದೆ

ದಕ್ಷಿಣದ ಜಿಲ್ಲೆಗಳವರು ಪಹಣಿ ಅನ್ನುವುದನ್ನು ನಮ್ಮ ಮುಂಡರಗಿ, ಶಿರಹಟ್ಟಿ ಕಡೆ ಉತಾರ ಅನ್ನುತ್ತೇವೆ. ಗ್ರಾಮ ಲೆಕ್ಕಿಗ ಅಂದರೆ ಡೋಣಿಯ ಹಿರಿಯರು ಒಂದು ಕ್ಷಣ ಯೋಚನೆ ಮಾಡುತ್ತಾರೆ, ತಲಾಠಿ ಅಂದರೆ ತಕ್ಷಣ ತಿಳಿಯುತ್ತದೆ. (ಸರ್ಕಾರ ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಹೊಸ ಹೆಸರು ಕೊಟ್ಟಿದೆ. ಹೆಸರು ಉದ್ದ ಆಯಿತು, ಊರವರ ಬಾಯಲ್ಲಿ ತಲಾಠಿ ತಲಾಠಿಯಾಗಿಯೇ ಉಳಿದ!) ಎರಡೂ ಮಾತು ಮರಾಠಿಯ ನಂಟಿನವು, ಮುಂಬೈ ಪ್ರಾಂತ್ಯದ ಕಾಲದ ಬಳುವಳಿ.

ಸಾಫ್ಟ್‌ವೇರಿನ ಇತಿಹಾಸ ಬರೆಯಲು ಹೊರಟವನು ಉತಾರದಿಂದ ಯಾಕೆ ಶುರು ಮಾಡಿದ ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ. ಬಳಸಲು ಸುಲಭವಾದ ತಂತ್ರಾಂಶ, ಸುಲಭವಾದ ಜಾಲತಾಣ ಮಾಡುವುದು ಹೇಗೆ ಅಂತ ಕಂಪನಿಗಳು ತಮ್ಮ ತಂಡಗಳಿಗೆ ತರಬೇತಿ ಕೊಡಿಸುತ್ತವೆ. ಎರಡು ದಿನದ ಕಾರ್ಯಾಗಾರ, ಗೋಡೆಗೆ ಅಂಟಿಸುವ ಹಳದಿ ಚೀಟಿಗಳು, ಕೊನೆಗೊಂದು ಪ್ರಮಾಣಪತ್ರ. ಅಲ್ಲಿ ಹೇಳುವ ಇತಿಹಾಸ ಯಾವಾಗಲೂ ಅಮೆರಿಕಾದಿಂದ ಶುರುವಾಗುತ್ತದೆ, ಅಲ್ಲಿಯೇ ಮುಗಿಯುತ್ತದೆ. ಆದರೆ ಕನ್ನಡ ನಾಡಿನಲ್ಲಿ ಅತಿ ಹೆಚ್ಚು ಜನರ ಬದುಕನ್ನು ಮುಟ್ಟಿದ ತಂತ್ರಾಂಶ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಭೂಮಿ ಅನ್ನುತ್ತೇನೆ. ಅದನ್ನು ಕಟ್ಟಿದವರು ಏನು ಕಲಿತರು, ಯಾರಿಂದ ಕಲಿತರು, ಯಾರಿಂದ ಕಲಿಯಲಿಲ್ಲ ಅನ್ನುವ ಕಥೆಯನ್ನು ಆ ಕಾರ್ಯಾಗಾರಗಳಲ್ಲಿ ಯಾರೂ ಹೇಳುವುದಿಲ್ಲ.

ಮೊದಲು ಉತಾರದಲ್ಲಿ ಏನಿರುತ್ತದೆ ನೋಡೋಣ. 9ನೇ ಕಾಲಂನಲ್ಲಿ ಹೊಲದ ಒಡೆಯನ ಹೆಸರು. 11ರಲ್ಲಿ ಸಾಲ, ಋಣ, ಇತರ ಹಕ್ಕುಗಳು. ಬ್ಯಾಂಕಿನವರು ಮೊದಲು ಕಣ್ಣು ಹಾಯಿಸುವುದು ಇಲ್ಲಿಗೇ. 12ರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ. ಒಂದು ಹಾಳೆಯಲ್ಲಿ ಒಂದು ಮನೆತನದ ಜೀವ ಇದೆ. ಬೆಳೆಸಾಲ, ಮಗಳ ಮದುವೆಗೆ ಹೊಲ ಅಡ ಇಡುವುದು, ಅಣ್ಣತಮ್ಮಂದಿರ ಪಾಲು, ಕೋರ್ಟಿನ ತಕರಾರು, ಎಲ್ಲಕ್ಕೂ ಉತಾರ ಬೇಕು.

ಕಂಪ್ಯೂಟರು ಬರುವ ಮುಂಚೆ ಇದೆಲ್ಲ ತಲಾಠಿಯ ಪುಸ್ತಕದಲ್ಲಿ ಇತ್ತು. ಆ ಪುಸ್ತಕ ಇದ್ದದ್ದು ಅವನ ಹತ್ತಿರ. ಊರಿಗೆ ಅವನು ಬಂದ ದಿನ ನಿಮ್ಮ ಅದೃಷ್ಟ. ಕೈಬರಹ ಅವನದು, ಸಂಕ್ಷೇಪಗಳೂ ಅವನವೇ. ನಮ್ಮ ಭಾಗದಲ್ಲಿ ಇನ್ನೂ ಒಂದು ತೊಡಕು. ಇವತ್ತು ಗದಗ ಜಿಲ್ಲೆ ಅನ್ನಿಸಿಕೊಂಡದ್ದು 1997ರ ತನಕ ಧಾರವಾಡ ಜಿಲ್ಲೆಯ ಭಾಗ. ಅದಕ್ಕೂ ಹಿಂದೆ ಸ್ವಾತಂತ್ರ್ಯಪೂರ್ವದಲ್ಲಿ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಮುಂಡರಗಿ, ಡಂಬಳದ ಕಡೆ ಬ್ರಿಟಿಷರ ಆಡಳಿತ. ಹಳೆಯ ಕಾಗದಗಳಲ್ಲಿ ಮೋಡಿ ಲಿಪಿ ಕೂಡ ಸಿಗುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಬಂದು ಇಡೀ ರಾಜ್ಯಕ್ಕೆ ಒಂದೇ ನಮೂನೆ ಆದ ಮೇಲೂ ಬರೆಯುವ ಕೈಗಳು ಬೇರೆ ಬೇರೆಯೇ. ಹಳೆ ಮೈಸೂರಿನವರು ಬಿನ್, ಕೋಂ ಅಂತ ಬರೆದರೆ ನಮ್ಮವರು ತಂದೆ, ಗಂಡ ಅಂತ ಬರೆಯುತ್ತಾರೆ. ಹೆಸರುಗಳ ಗೋಜಲಂತೂ ಕೇಳಬೇಡಿ. ಶಿರಹಟ್ಟಿ ಫಕೀರೇಶ್ವರನ ಸೀಮೆಯಲ್ಲಿ ಒಂದು ಓಣಿಗೆ ನಾಲ್ಕು ಜನ ಫಕೀರಪ್ಪ ಸಿಕ್ಕಾರು! ಯಾವ ಫಕೀರಪ್ಪ ಯಾರ ಮಗ ಅನ್ನುವುದು ತಲಾಠಿಯ ತಲೆಯಲ್ಲಿ ಇರುತ್ತಿತ್ತೇ ಹೊರತು ಕಾಗದದಲ್ಲಿ ಯಾವಾಗಲೂ ಇರುತ್ತಿರಲಿಲ್ಲ.

ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಮೊದಲ ಯತ್ನ ಕರ್ನಾಟಕದಲ್ಲಿ ನಡೆದದ್ದು 1991ರಲ್ಲಿ, ಗುಲ್ಬರ್ಗಾ ಜಿಲ್ಲೆಯಲ್ಲಿ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಗಿತ್ತು. ಆದರೂ ಅದು ಏಳಲಿಲ್ಲ. ಯಾಕೆ? ಉತಾರ ತಿದ್ದುವುದು, ಖಾತೆ ಬದಲಾಯಿಸುವುದು ಎಲ್ಲ ನಡೆಯುವುದು ತಾಲ್ಲೂಕು ಕಚೇರಿಯಲ್ಲಿ. ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರು ಇಡಲು ಆ ಯೋಜನೆಯಲ್ಲಿ ಜಾಗವೇ ಇರಲಿಲ್ಲ! ಮಾಹಿತಿ ಒಮ್ಮೆ ತುಂಬಿಸಿದರು. ಅತ್ತ ಕಾಗದದಲ್ಲಿ ದಿನಾ ಬದಲಾವಣೆ ಆಗುತ್ತಾ ಹೋಯಿತು, ಇತ್ತ ಕಂಪ್ಯೂಟರಿನೊಳಗಿನದು ಹಳತಾಗುತ್ತಾ ಹೋಯಿತು. ಪ್ರೋಗ್ರಾಮು ಬರೆಯುವವನ ಪಕ್ಕದಲ್ಲಿ ಒಬ್ಬ ತಲಾಠಿಯನ್ನು ಕೂರಿಸಿ "ನೀವು ಇದನ್ನ ಎಲ್ಲಿ ಕೂತು ಮಾಡ್ತೀರಿ?" ಅಂತ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು ಅಂತ ನನ್ನ ಅನಿಸಿಕೆ.

ಅದೇ ಕಾಲದಲ್ಲಿ ಹೊರಗೆ ಏನು ನಡೆದಿತ್ತು ಅನ್ನುವುದನ್ನೂ ಸ್ವಲ್ಪ ಹೇಳಿಬಿಡುತ್ತೇನೆ, ಯಾಕಂದರೆ ಈ ಪ್ರಶ್ನೆ ಆಗಲೇ ಹಳೆಯದು. ಐಬಿಎಂನ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ 1985ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಹೇಳಿದ್ದು ಮೂರೇ ಮಾತು. ಬಳಸುವವರನ್ನು ಮೊದಲಿನಿಂದಲೇ ನೋಡಿ, ಅವರ ಕೈಗೆ ಕೊಟ್ಟು ಅಳೆಯಿರಿ, ತಪ್ಪು ಸಿಕ್ಕಾಗ ತಿದ್ದಿ ಮತ್ತೆ ಕೊಡಿ. ಇದರಲ್ಲೇನು ದೊಡ್ಡ ವಿಷಯ, ಎಲ್ಲರಿಗೂ ಗೊತ್ತಿರುವುದೇ ಅನ್ನುತ್ತೀರಾ? ಅವರಿಗೂ ಆ ಮಾತು ಬಹಳ ಸಲ ಕಿವಿಗೆ ಬಿದ್ದಿತ್ತು. ಅದಕ್ಕೇ ತಂತ್ರಾಂಶ ಕಟ್ಟುವ ನಾನೂರಕ್ಕೂ ಹೆಚ್ಚು ಜನರಿಗೆ ನೀವು ಕೆಲಸ ಮಾಡುವ ಹಂತಗಳನ್ನು ಬರೆದುಕೊಡಿ ಅಂತ ಕೇಳಿದರು. ತಿದ್ದಿ ಮತ್ತೆ ಪರೀಕ್ಷಿಸುವುದನ್ನು ಬರೆದವರು ಐವರಲ್ಲಿ ಒಬ್ಬರಷ್ಟೇ. ಗೌಲ್ಡ್ ತಂಡ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕ್ರೀಡಾಪಟುಗಳ ದೂರವಾಣಿ ಸಂದೇಶ ವ್ಯವಸ್ಥೆ ಮಾಡಿದಾಗ ಪ್ರೋಗ್ರಾಮು ಬರೆಯುವ ಮುಂಚೆಯೇ ಬಳಕೆಯ ಕೈಪಿಡಿ ಬರೆದು ಜನರಿಗೆ ತೋರಿಸಿತ್ತು. ಕೈಪಿಡಿ ಅರ್ಥ ಆಗದಿದ್ದರೆ ಯಂತ್ರವೂ ಅರ್ಥ ಆಗುವುದಿಲ್ಲ ತಾನೇ?

ನನಗೆ ಇನ್ನೂ ಇಷ್ಟವಾಗುವುದು ಸ್ಕ್ಯಾಂಡಿನೇವಿಯಾದ ಉಟೋಪಿಯಾ ಯೋಜನೆ, 1981ರಿಂದ 85. ಮುದ್ರಣ ಕೆಲಸಗಾರರ ಸಂಘದ ಜೊತೆ ಸೇರಿ ಸಂಶೋಧಕರು ನಡೆಸಿದ್ದು ಇದು. ಪತ್ರಿಕೆಯ ಪುಟ ಕಟ್ಟುವವರಿಗೆ ಕಂಪ್ಯೂಟರು ಬರುತ್ತದೆ, ಆದರೆ ಹೇಗಿರುತ್ತದೆ ಯಾರಿಗೂ ಗೊತ್ತಿಲ್ಲ. ಕಟ್ಟಿಗೆ, ರಟ್ಟಿನಲ್ಲಿ ಯಂತ್ರಗಳ ಮಾದರಿ ಮಾಡಿದರು. ಖಾಲಿ ರಟ್ಟಿನ ಡಬ್ಬಿಯ ಮೇಲೆ ಲೇಸರ್ ಪ್ರಿಂಟರ್ ಅಂತ ಬರೆದು ಮೇಜಿನ ಮೇಲಿಟ್ಟರು. ಕೆಲಸಗಾರರು ಅದರ ಸುತ್ತ ನಿಂತು ಕೆಲಸ ಮಾಡಿದ ಹಾಗೆ ಮಾಡಿ, ಇದು ಇಲ್ಲಿ ಬೇಡ ಅಲ್ಲಿರಲಿ ಅಂತ ಹೇಳಿದರು. ಮಕ್ಕಳ ಗುಬ್ಬಚ್ಚಿ ಆಟದ ಹಾಗೆ. ಇಲ್ಲಿ ತರಬೇತಿ ಯಾರು ಯಾರಿಗೆ ಕೊಟ್ಟರು ಅಂತ ಹೇಳುವುದು ಕಷ್ಟ.

ಇರಲಿ, ನಮ್ಮ ತಾಲ್ಲೂಕು ಕಚೇರಿಗೆ ವಾಪಸ್ ಬರೋಣ.

1990ರ ದಶಕದ ಕೊನೆಯಲ್ಲಿ ಭೂಮಿ ಯೋಜನೆ ಶುರುವಾಯಿತು. ಮುಂದೆ ನಿಂತು ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ, ತಂತ್ರಾಂಶ ಬರೆದದ್ದು ಬೆಂಗಳೂರಿನ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಮೊದಲ ಪ್ರಯೋಗ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ. (1999ರಲ್ಲಿ ಮುಖ್ಯಮಂತ್ರಿಯಾದ ಎಸ್.ಎಂ. ಕೃಷ್ಣ ಅವರ ಕ್ಷೇತ್ರ ಅದು. ಅಂಥ ಕಡೆ ಸೋತರೆ ಸುದ್ದಿಯಾಗುತ್ತಿತ್ತು, ಗೆದ್ದರೆ ಇನ್ನೂ ದೊಡ್ಡ ಸುದ್ದಿ.) 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕು ಕಚೇರಿಗಳಿಗೂ ಅದು ಮುಟ್ಟಿತು. ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರು. ಒಂದು ಉತಾರಕ್ಕೆ 15 ರೂಪಾಯಿ ಶುಲ್ಕ, ಕೌಂಟರಿನಲ್ಲಿ ಕೊಟ್ಟರೆ ಅಲ್ಲೇ ಮುದ್ರಣ. ಒಂದು ತಾಲ್ಲೂಕಿನಲ್ಲಿ ಇದು ಶುರುವಾದ ಮೇಲೆ ಅಲ್ಲಿ ಕೈಬರಹದ ಉತಾರಕ್ಕೆ ಬೆಲೆ ಇಲ್ಲ ಅಂತ ಘೋಷಿಸಿಬಿಟ್ಟರು. ಇದು ಬಹಳ ಮುಖ್ಯ. ಎರಡೂ ಜೊತೆಗೆ ನಡೆದಿದ್ದರೆ ಜನ ಹಳೆಯ ದಾರಿಯನ್ನೇ ಹಿಡಿಯುತ್ತಿದ್ದರು.

ಮಾಹಿತಿ ತುಂಬಿಸುವ ಕೆಲಸದಲ್ಲಿ ತಲಾಠಿಗಳು ಬೇಕೇ ಬೇಕಿತ್ತು. ಊರೂರಿನ ಕೈಬರಹ, ಊರೂರಿನ ಸಂಕ್ಷೇಪ ಎಲ್ಲವನ್ನೂ ಒಂದು ಮಾದರಿಗೆ ಇಳಿಸಬೇಕು. ಅದನ್ನು ಬೆರಳಚ್ಚು ಮಾಡುವವನು ಹೊರಗಿನವನು, ಅವನಿಗೆ ಡೋಣಿಯೂ ಒಂದೇ, ಕಡಂಪುರವೂ ಒಂದೇ. ಅಚ್ಚಾದದ್ದನ್ನು ಮೂಲದ ಜೊತೆ ತಾಳೆ ನೋಡಿ ತಿದ್ದಬೇಕಾದವನು ತಲಾಠಿ. ಅದಕ್ಕಾಗಿ ರಾಜ್ಯದಲ್ಲೆಲ್ಲ ಕಾರ್ಯಾಗಾರಗಳು ನಡೆದವು. ಸಾವಿರಾರು ತಲಾಠಿಗಳಿಗೆ ನಮೂನೆ ತುಂಬುವುದನ್ನು ಕಲಿಸುವ ಕೆಲಸ ಅದು. ಹೆಚ್ಚಿನವರು ಮೌಸು ಮುಟ್ಟಿದವರಲ್ಲ.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಉತಾರದಲ್ಲಿ ಕ್ಷೇತ್ರ 2.20 ಅಂತ ಇದ್ದರೆ ಎಷ್ಟು? ಶಾಲೆಯ ಗಣಿತ ಓದಿದ ಪ್ರೋಗ್ರಾಮರು ಎರಡು ಎಕರೆ ಮತ್ತು ಐದನೇ ಒಂದು ಭಾಗ ಅನ್ನುತ್ತಾನೆ. ಅಲ್ಲ, ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ! ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ದಶಮಾಂಶ ಬಿಂದು ಅನ್ನಿಸುವುದು ಬಿಂದುವೇ ಅಲ್ಲ. ಅಣ್ಣತಮ್ಮಂದಿರು ಪಾಲು ಮಾಡಿದಾಗ ಈ ಲೆಕ್ಕ ಒಂದಾಣೆ ತಪ್ಪಿದರೂ ಬಡಿದಾಟ. ಕಂಪ್ಯೂಟರಿನಿಂದ ಬರುವ ಉತಾರದಲ್ಲಿ ಎಕರೆ, ಗುಂಟೆ, ಆಣೆ ಬೇರೆ ಬೇರೆ ಮನೆಗಳಾಗಿಯೇ ಇವೆ. ಮೆಟ್ರಿಕ್ ಪದ್ಧತಿಗೆ ತಿರುಗಿಸಿ ಹೆಕ್ಟೇರು ಕೊಟ್ಟು "ಇನ್ನು ಮೇಲೆ ಹೀಗೆ ಕಲಿಯಿರಿ" ಅಂದಿದ್ದರೆ ಪ್ರೋಗ್ರಾಮರಿಗೆ ಸುಲಭ ಇತ್ತು, 67 ಲಕ್ಷ ಜನರಿಗೆ ಫಜೀತಿ ಆಗುತ್ತಿತ್ತು.

ಕೌಂಟರಿನಲ್ಲಿ ಕೂರಲು ಹೊರಗಿನ ಆಪರೇಟರುಗಳನ್ನು ಇಡಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಗ್ರಾಮ ಲೆಕ್ಕಿಗರಾಗಿ ಹೊಸದಾಗಿ ಸೇರಿದ ತರುಣ ತರುಣಿಯರಿಗೆ ತರಬೇತಿ ಕೊಟ್ಟು ಕೂರಿಸಿದರು. ಉತಾರ ಅಂದರೆ ಏನು ಅಂತ ಗೊತ್ತಿರುವವನಿಗೆ ಕಂಪ್ಯೂಟರು ಕಲಿಸುವುದು ಸುಲಭ, ಕಂಪ್ಯೂಟರು ಗೊತ್ತಿರುವವನಿಗೆ ಉತಾರ ಕಲಿಸುವುದು ಕಷ್ಟ. ಆ ನಿರ್ಧಾರ ತೆಗೆದುಕೊಂಡವರಿಗೆ ಇದು ತಿಳಿದಿತ್ತು ಅನ್ನಿಸುತ್ತದೆ. ಕನ್ನಡ ಬೆರಳಚ್ಚಿನ ಸಮಸ್ಯೆಯೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಹಗುರಾಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಉಚ್ಚಾರಣೆಯನ್ನು ಹಿಡಿದು ಹೋದರೆ ಅಕ್ಷರ ಸಿಗುತ್ತದೆ, ಟೈಪ್‌ರೈಟರಿನ ಹಾಗೆ ತಿಂಗಳುಗಟ್ಟಲೆ ಬೆರಳು ಪಳಗಿಸಬೇಕಿಲ್ಲ. ಸರ್ಕಾರ ಅದನ್ನೇ ಮಾದರಿಯಾಗಿ ಒಪ್ಪಿಕೊಂಡಿತು. ನೀವು ಇವತ್ತು ನುಡಿಯಲ್ಲಿ ಟೈಪಿಸುವುದೂ ಅದರಲ್ಲಿಯೇ.

ಈಗ ಶೀರ್ಷಿಕೆಯ ಪರದೆ. ಭೂಮಿ ಕೇಂದ್ರದಲ್ಲಿ ಒಂದು ಕಂಪ್ಯೂಟರಿಗೆ ಎರಡು ಪರದೆ. ಒಂದು ಆಪರೇಟರಿನ ಕಡೆ, ಇನ್ನೊಂದು ಕಿಟಕಿಯ ಹೊರಗೆ ನಿಂತ ರೈತನ ಕಡೆ. ಒಳಗೆ ಕೂತವನು ಏನು ಮಾಡುತ್ತಾನೋ ಹೊರಗೆ ನಿಂತವನಿಗೂ ಕಾಣುತ್ತದೆ. ಅಷ್ಟೇ. ಓದು ಬಾರದವನಿಗೆ ಇದರಿಂದ ಏನು ಉಪಯೋಗ ಅಂತ ಕೇಳಬಹುದು. ಓದು ಬಾರದವನ ಹಿಂದೆ ಸಾಲಿನಲ್ಲಿ ನಿಂತ ಹುಡುಗನಿಗೆ ಓದು ಬರುತ್ತದಲ್ಲ! "ಕಾಕಾ, ನಿಮ್ಮಪ್ಪನ ಹೆಸರು ತಪ್ಪು ಬಿದ್ದೈತಿ ನೋಡ್ರಿ" ಅಂತ ಅವನು ಹೇಳಿದರೆ ಕೆಲಸ ಆಯಿತು. ಬಳಕೆದಾರ ಸ್ನೇಹಿ ಅನ್ನುವ ಮಾತನ್ನು ಎಷ್ಟೋ ಕಡೆ ಕೇಳಿದ್ದೇನೆ. ಎಲ್ಲ ಕಡೆಯೂ ಅದು ಗುಂಡಿಯ ಬಣ್ಣ, ಅಕ್ಷರದ ಗಾತ್ರದ ಮಾತು. ಮಾನಿಟರು ಯಾವ ದಿಕ್ಕಿಗೆ ಮುಖ ಮಾಡಿರಬೇಕು ಅಂತ ಯೋಚಿಸಿದ ವಿನ್ಯಾಸ ಇದೊಂದೇ ನನ್ನ ಕಣ್ಣಿಗೆ ಬಿದ್ದದ್ದು.

ಇನ್ನೂ ಎರಡು ವಿಷಯ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಹಿಂದಿನದನ್ನು ಮುಂದೆ ಹಾಕಲು ತಂತ್ರಾಂಶ ಬಿಡುವುದಿಲ್ಲ. ಆಪರೇಟರು, ಅಧಿಕಾರಿಗಳು ಒಳಗೆ ಹೋಗಲು ಪಾಸ್‌ವರ್ಡು ಸಾಲದು, ಬೆರಳಚ್ಚು ಒತ್ತಬೇಕು. ನನ್ನ ಪಾಸ್‌ವರ್ಡು ಇನ್ಯಾರೋ ಬಳಸಿದರು ಅನ್ನುವ ಹಾಗಿಲ್ಲ. ಇವೆರಡೂ ಗುಮಾಸ್ತರಿಗೆ ಕಿರಿಕಿರಿ. ಅವರನ್ನು ಕೇಳಿದ್ದರೆ ತಂತ್ರಾಂಶ ಕಷ್ಟ ಅಂತಲೇ ಹೇಳುತ್ತಿದ್ದರು. ಮುಂಚೆ ಸರದಿ ಹಾರಿಸಲು ಕೊಡಬೇಕಿದ್ದ ಕೈಬಿಸಿ ಇದ್ದದ್ದು ಆ ಸುಲಭದಲ್ಲೇ. ಹಾಗಾಗಿ ಸುಲಭ ಅಂದಾಗ ಯಾರಿಗೆ ಅಂತ ಮೊದಲು ಕೇಳಬೇಕು. ಭೂಮಿ ಕಟ್ಟಿದವರು ಕೇಳಿದರು. 2002ರಲ್ಲಿ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಮಾಡಿದ ಸಮೀಕ್ಷೆಯಲ್ಲಿ ಬಹುಪಾಲು ಬಳಕೆದಾರರು ತೃಪ್ತಿ ಹೇಳಿದ್ದಕ್ಕೆ, ಲಂಚ ಇಳಿದದ್ದಕ್ಕೆ ಇಂಥ ವಿವರಗಳು ಕಾರಣ.

ಹೊಗಳಿಕೆ ಇಲ್ಲಿಗೆ ಸಾಕು. ಡೋಣಿಯಿಂದ ನೋಡಿದರೆ ಚಿತ್ರ ಬೇರೆ. ಮುಂಚೆ ತಲಾಠಿ ಊರಿಗೆ ಬರುತ್ತಿದ್ದ, ಲಂಚ ತಿಂದರೂ ಬರುತ್ತಿದ್ದ. ಭೂಮಿ ಬಂದ ಮೇಲೆ ಕಪ್ಪತಗುಡ್ಡದ ಸೆರಗಿನಿಂದ ಮುಂಡರಗಿಗೆ ಬಸ್ಸು ಹಿಡಿದು ಹೋಗಬೇಕಾಯಿತು. ಕರೆಂಟು ಹೋಗಿದ್ದರೆ, ಪ್ರಿಂಟರು ಕೆಟ್ಟಿದ್ದರೆ ಒಂದು ದಿನದ ಕೂಲಿ ಹೋಯಿತು. ಆಗಿನ 15 ರೂಪಾಯಿಯ ಉತಾರಕ್ಕೆ ಬಸ್ಸಿನ ಚಾರ್ಜು, ಚಹಾ, ಕೂಲಿ ಎಲ್ಲ ಸೇರಿಸಿ ನೋಡಿ. ಬೆರಳಚ್ಚಿನಲ್ಲಿ ತಪ್ಪಾದ ಹೆಸರು ತಿದ್ದಿಸಲು ಮತ್ತೆ ಅರ್ಜಿ, ಮತ್ತೆ ವಿಚಾರಣೆ. 2005ರಲ್ಲಿ ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಇನ್ನೂ ಗಟ್ಟಿಯಾದ ಟೀಕೆ ಬರೆದರು. ದಾಖಲೆ ಒಂದೇ ಕಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತಮುತ್ತ ಲಾಭ ಆದದ್ದು ದೊಡ್ಡ ಭೂ ವ್ಯವಹಾರದವರಿಗೆ, ಸಣ್ಣ ರೈತ ಇನ್ನೂ ದೂರ ಉಳಿದ ಅಂತ ಅವರ ವಾದ. ಪೂರ್ತಿ ಒಪ್ಪುತ್ತೇನೆ ಅಂತಲ್ಲ, ನಮ್ಮ ಎರೆಹೊಲಕ್ಕೆ ಅಂಥ ಗಿರಾಕಿಗಳು ಅಷ್ಟಾಗಿ ಬಂದವರಲ್ಲ. ಆದರೆ ತಾಲ್ಲೂಕು ಕಚೇರಿಯ ಕೆಲಸವನ್ನು ಚೆನ್ನಾಗಿ ನೋಡಿ ಕಲಿತವರು ರೈತನ ದಿನವನ್ನು ಅಷ್ಟು ಹತ್ತಿರದಿಂದ ನೋಡಲಿಲ್ಲ ಅನ್ನುವುದಂತೂ ನಿಜ.

ನೋಡಿದ್ದರೂ ರೈತ ಏನು ಹೇಳುತ್ತಿದ್ದ? ಇಲ್ಲೊಂದು ಸ್ವಾರಸ್ಯದ ಸಂಗತಿ ಇದೆ. ಅಮೆರಿಕಾದ ಹ್ಯೂಮನ್ ಫ್ಯಾಕ್ಟರ್ಸ್ ಇಂಟರ್‌ನ್ಯಾಷನಲ್ ಅನ್ನುವ ಸಂಸ್ಥೆ ಭಾರತಕ್ಕೆ ಬಂದು ಇಲ್ಲಿನ ಸಾಫ್ಟ್‌ವೇರು ತಂಡಗಳಿಗೆ ಈ ವಿದ್ಯೆ ಕಲಿಸತೊಡಗಿತು, ಬೆಂಗಳೂರಿನಲ್ಲೂ. ಅಲ್ಲಿ ಕೆಲಸ ಮಾಡುತ್ತಿದ್ದ ಅಪಲಾ ಲಾಹಿರಿ ಚವಾಣ್ ಗಮನಿಸಿದ್ದು ಏನೆಂದರೆ, ಪಾಶ್ಚಾತ್ಯ ಪರೀಕ್ಷಾ ವಿಧಾನ ಇಲ್ಲಿ ಸರಿಯಾಗಿ ನಡೆಯುವುದಿಲ್ಲ. ನಮ್ಮ ಜನ ಎದುರಿಗೆ ಕೂತವರ ಕೆಲಸವನ್ನು ಅವರ ಮುಖಕ್ಕೇ ಚೆನ್ನಾಗಿಲ್ಲ ಅನ್ನುವುದಿಲ್ಲ. ಅದಕ್ಕೆ ಆಕೆ ಬಾಲಿವುಡ್ ವಿಧಾನ ಅಂತ ಒಂದನ್ನು ಹುಡುಕಿದರು. ಬರೀ "ಟಿಕೆಟ್ ಕಾಯ್ದಿರಿಸಿ ನೋಡಿ" ಅನ್ನುವ ಬದಲು ಒಂದು ಸಿನಿಮಾ ಕಥೆ. ಮನೆಯ ಹುಡುಗಿಯ ಮದುವೆ ನಿಶ್ಚಯವಾಗಿದೆ, ವರ ಭೂಗತ ಲೋಕದ ಕೊಲೆಗಾರ ಅಂತ ನಿಮಗೊಬ್ಬರಿಗೇ ಗೊತ್ತಾಗಿದೆ, ಸಾಕ್ಷಿ ತರಲು ಈಗಲೇ ಟಿಕೆಟ್ ಬೇಕು, ಹೊರಡಿ! ಕಥೆಯೊಳಗೆ ಹೋದವರು ಸಂಕೋಚ ಮರೆತು, ಜಾಲತಾಣ ಸತಾಯಿಸಿದಾಗ ಬಾಯಿಬಿಟ್ಟು ಬೈದರು. ನಮ್ಮೂರಿನಲ್ಲಂತೂ ಏನು ತೋರಿಸಿದರೂ "ಛಲೋ ಐತಿ ಬಿಡ್ರಿ" ಅನ್ನುವ ಉತ್ತರವೇ ಸಿಗುವುದು. ತೋರಿಸಿದವರು ಖುಷಿಯಾಗಿ ಹೋಗುತ್ತಾರೆ. ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ.

ಬೆಂಗಳೂರಿನಲ್ಲೇ ಇದಕ್ಕಿಂತ ತಾಳ್ಮೆಯ ಕೆಲಸವೊಂದು ನಡೆಯಿತು. 2005ರಲ್ಲಿ ಶುರುವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಇಂದ್ರಾಣಿ ಮೇಧಿ ಮತ್ತು ಜೊತೆಗಾರರು ಸ್ತ್ರೀ ಜಾಗೃತಿ ಸಮಿತಿಯ ನೆರವಿನಿಂದ ಕೊಳೆಗೇರಿಗಳ ಮನೆಗೆಲಸದ ಹೆಣ್ಣುಮಕ್ಕಳ ಜೊತೆ ಕೂತು, ಅಕ್ಷರವೇ ಇಲ್ಲದ ಪರದೆಗಳನ್ನು ಮಾಡಿದರು. ಕೆಲಸ ಹುಡುಕಿಕೊಳ್ಳುವ ತಂತ್ರಾಂಶ ಅದು. ಪಾತ್ರೆ ತೊಳೆಯುವ ಚಿತ್ರ ಹಾಕಿದರೆ ಅದು ವಸ್ತುವೋ ಕೆಲಸವೋ ಅಂತ ಅವರಿಗೆ ತಿಳಿಯುತ್ತಿರಲಿಲ್ಲ, ನಲ್ಲಿಯಿಂದ ನೀರು ಬೀಳುವಂಥ ಚಲನೆ ತೋರಿಸಬೇಕಾಯಿತು. ಇನ್ನೂ ದೊಡ್ಡ ಪಾಠ ಬೇರೆ. ಚಿತ್ರ ಅರ್ಥ ಆದ ಮೇಲೂ, ಈ ಪೆಟ್ಟಿಗೆಯೊಳಗೆ ಕೆಲಸದ ಸುದ್ದಿ ಯಾಕೆ ಬರುತ್ತದೆ, ಯಾರು ಹಾಕಿದರು ಅಂತ ಅವರಿಗೆ ಗೊತ್ತಿರಲಿಲ್ಲ. ಮನೆಯೊಡತಿ ಮಾಹಿತಿ ಕೊಡುವುದರಿಂದ ಹಿಡಿದು ಕೆಲಸ ಸಿಗುವ ತನಕ ಪೂರ್ತಿ ಕಥೆಯನ್ನು ವಿಡಿಯೋ ಮಾಡಿ ತೋರಿಸಿದ ಮೇಲೆ ಕೈಗಳು ಪರದೆಗೆ ಬಂದವು.

ಅದಕ್ಕೂ ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್ಕೋರ್ ಕಂಪನಿಯವರು ಸಿಂಪ್ಯೂಟರು ಮಾಡಿದ್ದರು, ಓದು ಬಾರದವರೂ ಬಳಸುವ ಅಂಗೈ ಕಂಪ್ಯೂಟರು ಅಂತ. ಭೂಮಿ ಯೋಜನೆಯಲ್ಲೂ ಅದನ್ನು ಬಳಸಿ ನೋಡಿದರು. ಆದರೆ ಅದು ಕೆಲವು ಸಾವಿರಗಳ ಆಚೆ ಮಾರಾಟವಾಗಲಿಲ್ಲ. ಮೊಬೈಲು ಬಂದು ಅದರ ಜಾಗ ಕಿತ್ತುಕೊಂಡಿತು.

ಉತಾರ ಮಾತ್ರ ನಿಧಾನವಾಗಿ ಊರಿನ ಕಡೆ ನಡೆದು ಬಂತು. 2006ರಿಂದ ನೆಮ್ಮದಿ ಕೇಂದ್ರಗಳು ಡಂಬಳದಂಥ ಹೋಬಳಿ ಊರುಗಳಿಗೆ ಅಂತ ಶುರುವಾದವು, 2012ರಲ್ಲಿ ಅವು ಹೋಗಿ ಅಟಲ್‌ಜಿ ಜನಸ್ನೇಹಿ ಕೇಂದ್ರಗಳು ಬಂದವು, 2022ರಿಂದ ಪಂಚಾಯಿತಿಗಳಲ್ಲಿ ಗ್ರಾಮ ಒನ್. ಮೊಬೈಲಿನಲ್ಲೂ ಉತಾರ ನೋಡಬಹುದು. ಇಪ್ಪತ್ತು ವರ್ಷ ಹಿಡಿಯಿತು, ಆದರೆ ಬಂತು.

ಈಗಿನ ಸಂಕಟ 12ನೇ ಕಾಲಂನದು. 2020ರಿಂದ ರೈತರೇ ಮೊಬೈಲ್ ಆ್ಯಪ್ ಹಿಡಿದು ಹೊಲಕ್ಕೆ ಹೋಗಿ ಬೆಳೆಯ ಫೋಟೊ ತೆಗೆದು ಸಮೀಕ್ಷೆ ತುಂಬಬಹುದು. ಒಳ್ಳೆಯ ವಿಚಾರ. ಆದರೆ ನಮ್ಮ ಕಡೆ ಒಂದು ಹೊಲದಲ್ಲಿ ಒಂದೇ ಬೆಳೆ ಯಾವಾಗ ಇತ್ತು? ಮೆಣಸಿನಕಾಯಿ ನಡುವೆ ಉಳ್ಳಾಗಡ್ಡಿ, ಶೇಂಗಾದ ನಡುವೆ ಅಕ್ಕಡಿ ಸಾಲು ತೊಗರಿ. ಹೆಸರು ಕಿತ್ತ ಮೇಲೆ ಹಿಂಗಾರಿಗೆ ಕಡಲೆ ಇಲ್ಲವೇ ಬಿಳಿಜೋಳ. ಬೆಳೆವಿಮೆಗೆ ಕಟ್ಟಿದ ಬೆಳೆಯೂ ಸಮೀಕ್ಷೆಯಲ್ಲಿ ಬಿದ್ದ ಬೆಳೆಯೂ ತಾಳೆಯಾಗದಿದ್ದರೆ ಪರಿಹಾರ ನಿಲ್ಲುತ್ತದೆ. ಒಂದು ಗುಂಡಿ ತಪ್ಪು ಒತ್ತಿದ್ದಕ್ಕೆ ಒಂದು ವರ್ಷದ ದುಡ್ಡು. ಆ್ಯಪ್ ತುಂಬುವುದು ಬಹಳ ಮನೆಗಳಲ್ಲಿ ಕಾಲೇಜಿಗೆ ಹೋಗುವ ಮಗ ಅಥವಾ ಮಗಳು. ಯಾವ ಸಾಲಿನಲ್ಲಿ ಏನು ಬಿತ್ತಿದೆ ಅಂತ ಗೊತ್ತಿರುವುದು ಅಪ್ಪ ಅವ್ವನಿಗೆ. ಅಪ್ಪ ಹೇಳಿದ್ದನ್ನು ಮಗ ಒತ್ತುತ್ತಾನೆ, ಮೊಬೈಲಿನ ಪರದೆ ಇರುವುದು ಮಗನ ಕಡೆಗೆ. 1999ರಲ್ಲಿ ತಲಾಠಿಗಳನ್ನು ಕೂರಿಸಿಕೊಂಡು ಕಾರ್ಯಾಗಾರ ಮಾಡಿದ ಹಾಗೆ, ಆ್ಯಪ್ ಬರೆಯುವ ತಂಡವನ್ನು ಒಂದು ಮುಂಗಾರು ಪೂರ್ತಿ ಡೋಣಿಯ ಹೊಲದ ಬದುವಿನ ಮೇಲೆ ಕೂರಿಸಬೇಕು ಅಂತ ನನಗನ್ನಿಸುತ್ತದೆ. ರೊಟ್ಟಿ ಬುತ್ತಿ ನಮ್ಮ ಕಡೆಯಿಂದ :-)

ಅಂದ ಹಾಗೆ, ಮುಂಡರಗಿ, ಶಿರಹಟ್ಟಿ, ಗದಗ ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಶುರುವಾದ ವರ್ಷಗಳಲ್ಲಿ ತಲಾಠಿಯಾಗಿಯೋ ಆಪರೇಟರಾಗಿಯೋ ಇದ್ದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಆ ಕಾರ್ಯಾಗಾರಗಳಲ್ಲಿ ನಿಮ್ಮನ್ನು ಏನು ಕೇಳಿದರು, ನೀವು ಹೇಳಿದ್ದರಲ್ಲಿ ಯಾವುದು ತಂತ್ರಾಂಶದೊಳಗೆ ಹೋಯಿತು, ಯಾವುದನ್ನು ಬಿಟ್ಟರು ಅನ್ನುವುದು ಸರ್ಕಾರದ ವರದಿಗಳಲ್ಲಿ ಸಿಗುವುದಿಲ್ಲ.